ನೋಡ್ ಸರ್ವರ್ ನಿಲ್ಲಿಸದೆ ಪ್ರೊಫೈಲ್ ತೆಗೆಯುವುದು ಹೇಗೆ?

ಪ್ರಶ್ನೆ: ನೋಡ್ 20 (ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಮ್), ಎಕ್ಸ್‌ಪ್ರೆಸ್ ಎಂಬ ನೋಡ್ ಲೈಬ್ರರಿಯಲ್ಲಿ ಬರೆದ ಎಪಿಐ, ಡಾಕರ್ ಕಂಟೇನರ್ (ಆ್ಯಪನ್ನು ಬೇರ್ಪಡಿಸಿ ಓಡಿಸುವ ಪೊಟ್ಟಣ). ಎರಡು ಮೂರು ದಿನ ಓಡಿದ ಮೇಲೆ 80 ಮಿಲಿಸೆಕೆಂಡಿನ ಉತ್ತರಕ್ಕೆ 2 ಸೆಕೆಂಡ್ ಹಿಡಿಯುತ್ತದೆ, ಸಿಪಿಯು 100% ದಾಟುತ್ತದೆ. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ಹಾಗಾಗಿ ನಿಲ್ಲಿಸದೆಯೇ ಪ್ರೊಫೈಲ್, ಅಂದರೆ ಯಾವ ಕೋಡಿಗೆ ಎಷ್ಟು ಸಮಯ ಹೋಗುತ್ತಿದೆ ಎಂಬ ದಾಖಲೆ, ನೋಡಬೇಕು.

ಉತ್ತರ: ನೋಡ್ ಪ್ರೊಸೆಸ್‌ಗೆ ಯುಎಸ್‌ಆರ್1 ಸಿಗ್ನಲ್ ಕಳಿಸಿ. ಇನ್‌ಸ್ಪೆಕ್ಟರ್ (ಓಡುತ್ತಿರುವ ಕೋಡನ್ನು ಒಳಗಿನಿಂದ ನೋಡುವ ಸಾಧನ) 127.0.0.1ರ 9229 ಪೋರ್ಟಿನಲ್ಲಿ ತೆರೆದುಕೊಳ್ಳುತ್ತದೆ, ರೀಸ್ಟಾರ್ಟ್ ಬೇಡ. ಎನ್‌ಪಿಎಂ (ನೋಡ್‌ನ ಪ್ಯಾಕೇಜ್ ಮ್ಯಾನೇಜರ್) ಸ್ಟಾರ್ಟ್‌ನಿಂದ ಕಂಟೇನರ್ ಎಬ್ಬಿಸಿದ್ದರೆ ಒಂದು ಎಚ್ಚರ: ಅಲ್ಲಿ ಪಿಐಡಿ 1, ಅಂದರೆ ಮೊದಲ ಪ್ರೊಸೆಸ್ ಸಂಖ್ಯೆ, ಎನ್‌ಪಿಎಂನದು. ಅದೂ ನೋಡ್ ಪ್ರೋಗ್ರಾಮೇ ಆದ್ದರಿಂದ ಸಿಗ್ನಲ್ ಅದಕ್ಕೆ ಹೋದರೆ ಎನ್‌ಪಿಎಂನ ಇನ್‌ಸ್ಪೆಕ್ಟರ್ ತೆರೆದು, ಖಾಲಿ ಪ್ರೊಫೈಲ್ ನೋಡುತ್ತಾ ಕೂರಬೇಕಾಗುತ್ತದೆ. ನಿಮ್ಮ ಆ್ಯಪ್‌ನ ಪಿಐಡಿ ಹುಡುಕಿಯೇ ಕಳಿಸಿ.

ಆ 127.0.0.1 ಕಂಟೇನರ್ ಒಳಗಿನದು, ಹೋಸ್ಟ್‌ನದಲ್ಲ. ಅದೇ ನೆಟ್‌ವರ್ಕ್ ಹಂಚಿಕೊಳ್ಳುವ ಇನ್ನೊಂದು ಕಂಟೇನರಿನಲ್ಲಿ ಸೋಕ್ಯಾಟ್ (ಒಂದು ಪೋರ್ಟಿಗೆ ಬಂದದ್ದನ್ನು ಇನ್ನೊಂದಕ್ಕೆ ದಾಟಿಸುವ ಸಾಧನ) ಹಚ್ಚಿ 9230ರಿಂದ 9229ಕ್ಕೆ ದಾಟಿಸಿ, ಅಲ್ಲಿಗೆ ನಿಮ್ಮ ಯಂತ್ರದಿಂದ ಎಸ್‌ಎಸ್‌ಎಚ್ ಟನೆಲ್ (ಗೂಢಲಿಪಿಯ ಸುರಕ್ಷಿತ ದಾರಿ) ಹಾಕಿ. ಆ ಪೋರ್ಟನ್ನು ಹೊರಜಗತ್ತಿಗೆ ಮಾತ್ರ ಎಂದೂ ತೆರೆಯಬೇಡಿ. ಅದನ್ನು ಮುಟ್ಟಿದವರು ಸರ್ವರಿನಲ್ಲಿ ಯಾವ ಕೋಡ್ ಬೇಕಾದರೂ ಓಡಿಸಬಹುದು.

ಲೋಡ್ ಇರುವಾಗಲೇ ಕ್ರೋಮ್‌ನಿಂದ 30 ಸೆಕೆಂಡ್ ರೆಕಾರ್ಡ್ ಮಾಡಿ. ಬಾಟಮ್-ಅಪ್ ನೋಟದಲ್ಲಿ ಸೆಲ್ಫ್ ಟೈಮ್ (ಫಂಕ್ಷನ್ ತಾನೇ ತಿಂದ ಸಮಯ) ಪ್ರಕಾರ ಜೋಡಿಸಿ. ಟೋಟಲ್ ಟೈಮ್ (ಅದು ಕರೆದ ಫಂಕ್ಷನ್‌ಗಳದ್ದೂ ಸೇರಿ) ನೋಡಿದರೆ ಎಕ್ಸ್‌ಪ್ರೆಸ್‌ನ ರೂಟರ್ ಮೇಲೇ ಸುಮ್ಮನೆ ಅನುಮಾನ ಬರುತ್ತದೆ. ಮೇಲಿರುವುದು ಜೆಸನ್ ಸ್ಟ್ರಿಂಗಿಫೈ (ಡೇಟಾವನ್ನು ಪಠ್ಯವಾಗಿಸುವುದು) ಅಥವಾ ಪಿಬಿಕೆಡಿಎಫ್2ಸಿಂಕ್ (ಪಾಸ್‌ವರ್ಡ್ ಹ್ಯಾಶ್) ಆದರೆ ಅದೇ ಇವೆಂಟ್ ಲೂಪನ್ನು (ಎಲ್ಲ ರಿಕ್ವೆಸ್ಟ್‌ಗಳನ್ನು ಸರದಿಯಲ್ಲಿ ನಡೆಸುವ ಸುತ್ತು) ತಡೆಯುತ್ತಿದೆ.

ಆದರೆ ರೀಸ್ಟಾರ್ಟ್‌ಗೆ ಸರಿಹೋಗುತ್ತದೆ ಎಂದಿರಿ. ಅಂದರೆ ಮೆಮೊರಿ ತುಂಬುತ್ತಾ ಹೋಗುತ್ತಿರಬಹುದು, ಹಾಗಾಗಿ ‘ಗಾರ್ಬೇಜ್ ಕಲೆಕ್ಟರ್’ (ಜಿಸಿ, ಬೇಡವಾದ ಮೆಮೊರಿ ಬಿಡಿಸುವುದು) ಸಾಲೇ ಮೇಲೆ ಬರುವ ಸಾಧ್ಯತೆ ಹೆಚ್ಚು. ಜಿಸಿಯ ಸಹಾಯಕ ಥ್ರೆಡ್‌ಗಳೂ ದುಡಿಯುವುದರಿಂದ ಸಿಪಿಯು 100% ದಾಟುವುದೂ ಅದಕ್ಕೆ ಹೊಂದುತ್ತದೆ. ಮಿತಿಯಿಲ್ಲದೆ ಬೆಳೆಯುವ ಕ್ಯಾಶ್, ತೆಗೆಯದೆ ಬಿಟ್ಟ ಲಿಸನರ್ (ಘಟನೆಗಾಗಿ ಕಾಯುವ ಫಂಕ್ಷನ್) ಹುಡುಕಿ: ಅರ್ಧ ಗಂಟೆ ಅಂತರದಲ್ಲಿ ಎರಡು ಹೀಪ್ ಸ್ನ್ಯಾಪ್‌ಶಾಟ್ (ಪ್ರೋಗ್ರಾಮಿನ ಮೆಮೊರಿಯಲ್ಲಿ ಏನೇನಿದೆ ಎಂಬ ಚಿತ್ರ) ತೆಗೆದು ಹೋಲಿಸಿ. ಸ್ನ್ಯಾಪ್‌ಶಾಟ್ ಮುಗಿಯುವವರೆಗೆ ಆ ಪ್ರೊಸೆಸ್ ಯಾರಿಗೂ ಉತ್ತರಿಸುವುದಿಲ್ಲ. ಹೀಪ್‌ನ ಸುಮಾರು ಎರಡರಷ್ಟು ಮೆಮೊರಿಯೂ ಬೇಕು. ಕಂಟೇನರ್ ಮಿತಿ ಬಿಗಿಯಾಗಿದ್ದರೆ ಕರ್ನಲ್ ಅದನ್ನು ಕೊಂದೇಬಿಡುತ್ತದೆ. ಮೊದಲು ಆ ಕಂಟೇನರನ್ನು ಲೋಡ್ ಬ್ಯಾಲೆನ್ಸರ್‌ನಿಂದ (ರಿಕ್ವೆಸ್ಟ್ ಹಂಚುವ ಸರ್ವರ್) ಹೊರಗಿಡಿ.

ಮರುಪ್ರಶ್ನೆ (ಇನ್ನೊಬ್ಬರದು): ನನ್ನದರಲ್ಲಿ ಪ್ರೊಫೈಲ್ ಪೂರ್ತಿ ‘ಐಡಲ್’, ಆದರೂ ನಿಧಾನ. ಪ್ರೊಫೈಲನ್ನು ಫೈಲಿಗೆ ಬರೆಸುವ ಸಿಪಿಯು-ಪ್ರೊಫ್ ಫ್ಲ್ಯಾಗ್ ಕೊಟ್ಟರೂ ಡಾಕರ್ ಸ್ಟಾಪ್ ಮಾಡಿದಾಗ ಫೈಲ್ ಬರುವುದಿಲ್ಲ.

ಉತ್ತರ: ಫೈಲ್ ಬರೆಯುವುದು ಪ್ರೊಸೆಸ್ ತಾನಾಗಿ ಮುಗಿದಾಗ ಮಾತ್ರ. ಡಾಕರ್ ಕಳಿಸುವ ಸಿಗ್‌ಟರ್ಮ್‌ಗೆ (ನಿಲ್ಲು ಎಂಬ ಸಿಗ್ನಲ್) ಹ್ಯಾಂಡ್ಲರ್ ಇಲ್ಲದಿದ್ದರೆ ಪಿಐಡಿ 1 ಅದನ್ನು ಲೆಕ್ಕಿಸುವುದಿಲ್ಲ, 10 ಸೆಕೆಂಡಿನ ನಂತರ ಬಲವಂತವಾಗಿ ಕೊಲ್ಲುವ ಸಿಗ್‌ಕಿಲ್ ಬೀಳುತ್ತದೆ. ಹ್ಯಾಂಡ್ಲರ್ ಬರೆದು ಅದರೊಳಗೆ ಪ್ರೊಸೆಸ್ ಎಕ್ಸಿಟ್ ಕರೆಯಿರಿ.

‘ಐಡಲ್’ ಅಂದರೆ ಮುಖ್ಯ ಥ್ರೆಡ್ ಕಾಯುತ್ತಿದೆ. ಡೇಟಾಬೇಸ್ ಸಂಪರ್ಕಗಳ ಪೂಲ್‌ನಲ್ಲಿ ಕಾಯುವ ಸಾಲು ಮೊದಲು ನೋಡಿ. ಆಮೇಲೆ ನೋಡ್ ಒಳಗಿನ ಲಿಬ್‌ಯುವಿ ಲೈಬ್ರರಿಯ ಥ್ರೆಡ್ ಪೂಲ್: ಡಿಫಾಲ್ಟ್ ಆಗಿ 4 ಥ್ರೆಡ್ ಮಾತ್ರ, ಫೈಲ್ ಓದು, ಡಿಎನ್‌ಎಸ್ ಲುಕಪ್, ಜಿಪ್, ಅಸಿಂಕ್ ಪಾಸ್‌ವರ್ಡ್ ಹ್ಯಾಶ್ ಎಲ್ಲಕ್ಕೂ ಅವೇ. ನಾಲ್ಕು ಲಾಗಿನ್ ಒಟ್ಟಿಗೆ ಬಂದರೆ ಐದನೆಯ ರಿಕ್ವೆಸ್ಟ್‌ನ ಫೈಲ್ ಓದು ಸಾಲಿನಲ್ಲಿ ನಿಲ್ಲುತ್ತದೆ, ಅದು ಸಿಪಿಯು ಪ್ರೊಫೈಲ್‌ನಲ್ಲಿ ಕಾಣುವುದೇ ಇಲ್ಲ. ಯುವಿ ಥ್ರೆಡ್‌ಪೂಲ್ ಸೈಜ್ ವೇರಿಯಬಲ್ ಅನ್ನು ನೋಡ್ ಶುರುವಾಗುವ ಮೊದಲೇ 8ಕ್ಕೆ ಏರಿಸಿ ಅಳೆದು ನೋಡಿ.