ಕಚೇರಿಯ ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಬಗೆಯ ಬ್ರೌಸರ್ ಪಾಲಿಸಿಗಳು: ಕೆಲವು ಜಾರಿಯಾಗುತ್ತವೆ, ಕೆಲವು ಆಗುವುದಿಲ್ಲ, ಏಕೆ?

ಪ್ರಶ್ನೆ: ಮಲೆನಾಡಿಗ

ಎಲ್ಲರಿಗೂ ನಮಸ್ಕಾರ. ನಾನು ಒಂದು ಪತ್ತಿನ ಸಹಕಾರ ಸಂಘದಲ್ಲಿ ಕಂಪ್ಯೂಟರ್ ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ಪ್ರಧಾನ ಕಚೇರಿ ಮತ್ತು ಶಾಖೆಗಳೆಲ್ಲ ಸೇರಿ ಸುಮಾರು 40 ಕಂಪ್ಯೂಟರ್‌ಗಳಿವೆ. ಹೆಚ್ಚಿನವುಗಳಲ್ಲಿ ವಿಂಡೋಸ್ 11 ಪ್ರೊ ಇದೆ, ನಾಲ್ಕೈದರಲ್ಲಿ ಉಬುಂಟು ಇದೆ. ಡೊಮೇನ್ (ಎಲ್ಲ ಕಂಪ್ಯೂಟರ್‌ಗಳನ್ನೂ ಒಂದೇ ಕಡೆಯಿಂದ ನಿಯಂತ್ರಿಸುವ ವ್ಯವಸ್ಥೆ) ಇಲ್ಲ, ಎಲ್ಲವೂ ಬಿಡಿಬಿಡಿಯಾಗಿ ವರ್ಕ್‌ಗ್ರೂಪ್‌ನಲ್ಲಿಯೇ ಇವೆ.

ಕೌಂಟರ್‌ನ ಕಂಪ್ಯೂಟರನ್ನು ಇಬ್ಬರು ಮೂವರು ಸಿಬ್ಬಂದಿ ಬಳಸುವುದರಿಂದ ಒಬ್ಬರ ಪಾಸ್‌ವರ್ಡ್ ಕ್ರೋಮ್‌ನಲ್ಲಿ ಉಳಿದು ಇನ್ನೊಬ್ಬರಿಗೆ ಸಿಗುತ್ತದೆ. ಠೇವಣಿ ರಸೀದಿ ಪಾಪ್-ಅಪ್ ಕಿಟಕಿಯಲ್ಲಿ ತೆರೆಯುವುದರಿಂದ ಅದನ್ನು ಬ್ರೌಸರ್ ತಡೆಯುತ್ತದೆ. ಕನ್ನಡದ ಪುಟವನ್ನು ಯಾರೋ ಒಮ್ಮೆ ಇಂಗ್ಲಿಷಿಗೆ ಅನುವಾದಿಸಿಕೊಂಡರೆ ಆಮೇಲೆ ಪ್ರತಿ ಸಲವೂ ಅದು ತಾನಾಗಿಯೇ ಅನುವಾದಗೊಂಡು, ಸದಸ್ಯರ ಹೆಸರು, ಊರಿನ ಹೆಸರುಗಳೆಲ್ಲ ಕೆಟ್ಟು ಕಾಣಿಸುತ್ತವೆ. ಇವೆಲ್ಲಕ್ಕೂ ಬೇಕಾದ ಪಾಲಿಸಿಗಳನ್ನು (ಬಳಕೆದಾರರು ಬದಲಿಸಲಾಗದಂತೆ ಬ್ರೌಸರ್‌ಗೆ ಹಾಕುವ ಸೆಟ್ಟಿಂಗ್‌ಗಳನ್ನು) ಸೇರಿಸಿ ಒಂದು ರಿಜಿಸ್ಟ್ರಿ ಫೈಲ್ ಸಿದ್ಧಪಡಿಸಿ, ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಕೋಶದಲ್ಲಿ) ಲೋಕಲ್ ಮಷೀನ್ ವಿಭಾಗದ ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್ ಎಂಬ ಜಾಗಕ್ಕೆ ಸೇರಿಸಿದೆ. ಪಾಸ್‌ವರ್ಡ್, ಪಾಪ್-ಅಪ್, ಅನುವಾದ ಮೂರೂ ಸರಿಹೋದವು. ಆದರೆ ಹೋಮ್‌ಪೇಜ್ ಮತ್ತು ಬ್ರೌಸರ್ ತೆರೆದ ಕೂಡಲೇ ಬರಬೇಕಾದ ಪುಟ ಮಾತ್ರ ಬದಲಾಗಲಿಲ್ಲ. ಅದೇ ಸೆಟ್ಟಿಂಗ್ ಉಬುಂಟುವಿನಲ್ಲಿ ಕೆಲಸ ಮಾಡುತ್ತಿರುವುದು ಇನ್ನೂ ವಿಚಿತ್ರ. ದಯವಿಟ್ಟು ಕಾರಣ ತಿಳಿಸಿ. ಪ್ರತಿ ಬದಲಾವಣೆಗೂ ಶಾಖೆಯಿಂದ ಶಾಖೆಗೆ ಓಡಾಡದೆ ಇರುವ ದಾರಿಯೂ ಬೇಕಾಗಿದೆ.

ಉತ್ತರ: ಹುಬ್ಬಳ್ಳಿ ಸರ್ವರ್

ಮೊದಲು ಒಂದು ವಿಂಡೋಸ್ ಕಂಪ್ಯೂಟರ್‌ನಲ್ಲಿ ಕ್ರೋಮ್‌ನ ವಿಳಾಸ ಪಟ್ಟಿಯಲ್ಲಿ ಕ್ರೋಮ್://ಪಾಲಿಸಿ ಎಂದು (ಇಂಗ್ಲಿಷ್ ಅಕ್ಷರಗಳಲ್ಲಿ) ಬರೆದು ನೋಡಿ. ಬ್ರೌಸರ್ ಓದಿಕೊಂಡಿರುವ ಪ್ರತಿಯೊಂದು ಪಾಲಿಸಿ, ಅದು ಎಲ್ಲಿಂದ ಬಂತು, ಒಪ್ಪಿಗೆಯಾಯಿತೋ ಇಲ್ಲವೋ ಎಂಬುದೆಲ್ಲ ಅಲ್ಲಿ ಸಾಲಾಗಿ ಕಾಣುತ್ತದೆ. ಹೋಮ್‌ಪೇಜ್‌ನ ಸಾಲಿನಲ್ಲಿ ಪಾಲಿಸಿಯನ್ನು ತಡೆಯಲಾಗಿದೆ, ಅದರ ಮೌಲ್ಯವನ್ನು ಪರಿಗಣಿಸುವುದಿಲ್ಲ ಎಂಬ ಸೂಚನೆ ಇರಬೇಕು.

ನಿಮ್ಮ ಫೈಲ್‌ನಲ್ಲಿ ದೋಷವಿಲ್ಲ. ಬೇಡದ ಸಾಫ್ಟ್‌ವೇರ್‌ಗಳು ಇದೇ ರಿಜಿಸ್ಟ್ರಿಯ ಮೂಲಕ ಜನರ ಹೋಮ್‌ಪೇಜ್ ಮತ್ತು ಹುಡುಕಾಟದ ತಾಣವನ್ನು ಬದಲಿಸಿ ಕಾಟ ಕೊಡುತ್ತಿದ್ದುದರಿಂದ, ಇಂಥ ಕೆಲವು ಸೂಕ್ಷ್ಮ ಪಾಲಿಸಿಗಳನ್ನು ವಿಂಡೋಸ್‌ನಲ್ಲಿ ಕ್ರೋಮ್ ಸುಮ್ಮನೆ ಒಪ್ಪುವುದಿಲ್ಲ. ಕಂಪ್ಯೂಟರ್ ಆ್ಯಕ್ಟಿವ್ ಡೈರೆಕ್ಟರಿ ಡೊಮೇನ್‌ಗೋ ಮೈಕ್ರೋಸಾಫ್ಟ್‌ನ ಕ್ಲೌಡ್ ಡೈರೆಕ್ಟರಿಗೋ ಸೇರಿರಬೇಕು, ಇಲ್ಲವೇ ಬ್ರೌಸರ್ ಗೂಗಲ್‌ನ ನಿರ್ವಹಣಾ ಸೇವೆಯಲ್ಲಿ ನೋಂದಾಯಿತವಾಗಿರಬೇಕು. ಉಬುಂಟುವಿನಂಥ ಲಿನಕ್ಸ್‌ನಲ್ಲಿ ಈ ನಿರ್ಬಂಧವಿಲ್ಲ.

ನಿಮ್ಮಲ್ಲಿ ಡೊಮೇನ್ ಇಲ್ಲದಿರುವುದರಿಂದ ಗೂಗಲ್‌ನ ಕ್ರೋಮ್ ಎಂಟರ್‌ಪ್ರೈಸ್ ಕೋರ್ ಎಂಬ ಉಚಿತ ನಿರ್ವಹಣಾ ಸೇವೆಯೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ. ಇದಕ್ಕಾಗಿ ಸರ್ವರ್ ಕೊಳ್ಳುವ ಅಗತ್ಯವಿಲ್ಲ. ಅದರ ಅಡ್ಮಿನ್ ಕನ್ಸೋಲ್‌ನಲ್ಲಿ (ನಿರ್ವಾಹಕರ ವೆಬ್ ಪುಟದಲ್ಲಿ) ಕೌಂಟರ್‌ಗೆ ಒಂದು, ಉಳಿದ ಕಚೇರಿಗೆ ಒಂದು ಎಂದು ಎರಡು ಘಟಕಗಳನ್ನು ಮಾಡಿ, ಆಯಾ ಘಟಕದ ನೋಂದಣಿ ಟೋಕನ್ (ಘಟಕವನ್ನು ಗುರುತಿಸುವ ಸಂಕೇತ) ಅನ್ನು ಆಯಾ ಕಂಪ್ಯೂಟರ್‌ನ ರಿಜಿಸ್ಟ್ರಿಗೆ ಒಮ್ಮೆ ಸೇರಿಸಿದರೆ, ಕ್ರೋಮ್ ಮರಳಿ ತೆರೆದಾಗ ತಾನಾಗಿಯೇ ನೋಂದಾಯಿಸಿಕೊಳ್ಳುತ್ತದೆ. ಅಲ್ಲಿಂದ ಮುಂದಿನ ಬದಲಾವಣೆಗಳನ್ನೆಲ್ಲ ಕುಳಿತಲ್ಲಿಂದಲೇ ಮಾಡಬಹುದು.

ಒಂದು ಎಚ್ಚರಿಕೆ: ಒಂದೇ ಪಾಲಿಸಿ ರಿಜಿಸ್ಟ್ರಿ, ಕನ್ಸೋಲ್ ಎರಡೂ ಕಡೆ ಇದ್ದರೆ, ನಾವು ಬೇರೆ ಹೇಳದ ಹೊರತು, ಕಂಪ್ಯೂಟರ್‌ನ ರಿಜಿಸ್ಟ್ರಿಯಲ್ಲಿ ಇರುವುದೇ ಕ್ಲೌಡ್‌ನಿಂದ ಬಂದುದನ್ನು ಮೀರಿಸುತ್ತದೆ. ಆದ್ದರಿಂದ ನೋಂದಣಿ ಮುಗಿದ ಮೇಲೆ ಹಳೆಯ ಸಾಲುಗಳನ್ನು ಅಳಿಸಿ, ಟೋಕನ್ ಮಾತ್ರ ಉಳಿಸಿ. ಇಲ್ಲವಾದರೆ ಕನ್ಸೋಲ್‌ನಲ್ಲಿ ಏನು ಬದಲಿಸಿದರೂ ಶಾಖೆಯಲ್ಲಿ ಏನೂ ಆಗುತ್ತಿಲ್ಲವೆಂದು ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ಉತ್ತರ: ಫೈರ್‌ಫಾಕ್ಸ್ ಬಳಗ

ಫೈರ್‌ಫಾಕ್ಸ್ ಬ್ರೌಸರ್ ಕೂಡ ಬಳಸುತ್ತಿದ್ದರೆ ಅದಕ್ಕೆ ಇನ್ನೂ ಸರಳವಾದ ವಿಧಾನವಿದೆ. 2018ರಲ್ಲಿ ಬಂದ 60ನೆಯ ಆವೃತ್ತಿಯಿಂದ ಅದು ಪಾಲಿಸೀಸ್ ಡಾಟ್ ಜೇಸನ್ ಎಂಬ ಒಂದೇ ಫೈಲ್ ಅನ್ನು ಓದುತ್ತದೆ. ವಿಂಡೋಸ್‌ನಲ್ಲಿ ಫೈರ್‌ಫಾಕ್ಸ್ ಇರುವ ಫೋಲ್ಡರ್‌ನೊಳಗೆ ಡಿಸ್ಟ್ರಿಬ್ಯೂಷನ್ ಎಂಬ ಫೋಲ್ಡರ್ ಮಾಡಿ ಅದರಲ್ಲಿ ಇಟ್ಟರೆ ಸಾಕು. ಹೋಮ್‌ಪೇಜ್ ಬದಲಿಸಿ ಬೀಗ ಹಾಕುವುದಕ್ಕೂ ಡೊಮೇನ್ ಬೇಕಾಗುವುದಿಲ್ಲ. ಫೈಲ್‌ನಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ಇಡೀ ಫೈಲ್ ನಿರರ್ಥಕವಾಗುತ್ತದೆ, ಆದ್ದರಿಂದ ಅಬೌಟ್:ಪಾಲಿಸೀಸ್ ಪುಟದಲ್ಲಿ ದೋಷಗಳ ಪಟ್ಟಿಯನ್ನು ನೋಡಿಯೇ ಶಾಖೆಗಳಿಗೆ ಕಳುಹಿಸಿ.

ಮರುಪ್ರಶ್ನೆ: ಮಲೆನಾಡಿಗ

ಇಬ್ಬರಿಗೂ ಧನ್ಯವಾದಗಳು. ಪಾಲಿಸಿ ಪುಟದಲ್ಲಿ ನೀವು ಹೇಳಿದ ಸೂಚನೆಯೇ ಇತ್ತು. ಒಂದು ಪರೀಕ್ಷಾ ಕಂಪ್ಯೂಟರನ್ನು ನೋಂದಾಯಿಸಿದ ಮೇಲೆ ಹೋಮ್‌ಪೇಜ್ ಸರಿಹೋಯಿತು. ಆದರೆ ಪಾಸ್‌ವರ್ಡ್ ಉಳಿಸುವುದನ್ನು ನಿಲ್ಲಿಸಿದ್ದರೂ ಕೌಂಟರ್‌ನಲ್ಲಿ ಹಳೆಯ ಪಾಸ್‌ವರ್ಡ್‌ಗಳು ಲಾಗಿನ್ ಪೆಟ್ಟಿಗೆಯಲ್ಲಿ ಈಗಲೂ ತಾವಾಗಿಯೇ ತುಂಬಿಕೊಳ್ಳುತ್ತಿವೆ. ಇದು ಸರಿಯೇ? ಸಿಬ್ಬಂದಿ ತಮಗೆ ಬೇಕಾದ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸುವ ಕಿರು ತಂತ್ರಾಂಶ) ಹಾಕಿಕೊಳ್ಳುವುದನ್ನು ಹೇಗೆ ತಡೆಯಬೇಕು?

ಉತ್ತರ: ಕರಾವಳಿ ಅಡ್ಮಿನ್

ಆ ಪಾಲಿಸಿ ಹೊಸ ಪಾಸ್‌ವರ್ಡ್ ಉಳಿಸುವುದನ್ನು ಮಾತ್ರ ತಡೆಯುತ್ತದೆ. ಮೊದಲೇ ಉಳಿದಿರುವವು ಹಾಗೆಯೇ ಕೆಲಸ ಮಾಡುತ್ತವೆ. ನಿಮ್ಮಂಥ ಸಂಸ್ಥೆಗೆ ಇದು ಅಪಾಯದ ಸಂಗತಿ. ಬ್ರೌಸರ್ ಮುಚ್ಚುವಾಗ ಮಾಹಿತಿ ಅಳಿಸುವ ಇನ್ನೊಂದು ಪಾಲಿಸಿ ಇದೆ. ಅದರಲ್ಲಿ ಪಾಸ್‌ವರ್ಡ್ ಎಂಬುದನ್ನು ಆರಿಸಿ, ಸಿಂಕ್ (ಗೂಗಲ್ ಖಾತೆಯೊಂದಿಗೆ ಮಾಹಿತಿ ಹೊಂದಿಸುವುದು) ನಿಲ್ಲಿಸಿ, ಕೌಂಟರ್ ಘಟಕಕ್ಕೆ ಮಾತ್ರ ಅನ್ವಯಿಸಿ. ಇದನ್ನು ಮಾಡುವ ಮುನ್ನ ಸಿಬ್ಬಂದಿಗೆ ತಿಳಿಸಲೇಬೇಕು, ಏಕೆಂದರೆ ವರ್ಷಗಳಿಂದ ಪಾಸ್‌ವರ್ಡ್ ಬೆರಳಚ್ಚಿಸದೆ ಇದ್ದವರಿಗೆ ಅದು ನೆನಪಿರುವುದಿಲ್ಲ. ಮರುದಿನ ಬೆಳಿಗ್ಗೆ ಕೌಂಟರ್ ತೆರೆಯುವ ಹೊತ್ತಿಗೆ ಎಲ್ಲರೂ ನಿಮಗೇ ಫೋನ್ ಮಾಡುತ್ತಾರೆ.

ಎಕ್ಸ್‌ಟೆನ್ಷನ್‌ಗಳ ತಡೆಪಟ್ಟಿಯಲ್ಲಿ ಒಂದು ನಕ್ಷತ್ರ ಚಿಹ್ನೆ ಹಾಕಿದರೆ ಎಲ್ಲವೂ ನಿಲ್ಲುತ್ತವೆ. ಅನಂತರ ಅಗತ್ಯವಾದವುಗಳ 32 ಅಕ್ಷರಗಳ ಗುರುತನ್ನು ಅನುಮತಿ ಪಟ್ಟಿಗೆ ಸೇರಿಸಬೇಕು. ಆದರೆ ಇದನ್ನು ಮೊದಲ ದಿನವೇ ಮಾಡಬೇಡಿ. ಯಾವ ಕಂಪ್ಯೂಟರ್‌ನಲ್ಲಿ ಯಾವ ಎಕ್ಸ್‌ಟೆನ್ಷನ್ ಇದೆ ಎಂಬ ವರದಿ ಕನ್ಸೋಲ್‌ನಲ್ಲಿಯೇ ಸಿಗುತ್ತದೆ. ಡಿಜಿಟಲ್ ಸಹಿಯ ಕೆಲಸಕ್ಕೆ ಲೆಕ್ಕಪತ್ರ ವಿಭಾಗದವರು ಯಾವುದಾದರೂ ಎಕ್ಸ್‌ಟೆನ್ಷನ್ ನೆಚ್ಚಿಕೊಂಡಿದ್ದಾರೆಯೇ ಎಂದು ಅದರಲ್ಲಿ ನೋಡಿಕೊಳ್ಳಿ.

ಇನ್ನೊಂದು ವಿಷಯ. ಕ್ರೋಮ್‌ಗೆ ಬೀಗ ಹಾಕಿ, ವಿಂಡೋಸ್‌ನ ಜೊತೆಗೇ ಬರುವ ಎಡ್ಜ್ ಬ್ರೌಸರ್ ಅನ್ನು ಹಾಗೆಯೇ ಬಿಟ್ಟರೆ ಸಿಬ್ಬಂದಿ ಎಡ್ಜ್‌ಗೆ ಹೋಗುತ್ತಾರೆ. ಅದರ ಪಾಲಿಸಿಗಳಲ್ಲಿ ಬಹಳಷ್ಟರ ಹೆಸರು ಕ್ರೋಮ್‌ನಂತೆಯೇ ಇದ್ದರೂ ರಿಜಿಸ್ಟ್ರಿಯ ಜಾಗ ಬೇರೆ: ಪಾಲಿಸೀಸ್, ಮೈಕ್ರೋಸಾಫ್ಟ್, ಎಡ್ಜ್. ಹೋಮ್‌ಪೇಜ್ ವಿಷಯದಲ್ಲಿ ಅಲ್ಲಿಯೂ ಇಂಥದೇ ನಿರ್ಬಂಧವಿದೆ, ಗೂಗಲ್‌ನ ಟೋಕನ್ ಅದಕ್ಕೆ ಉಪಯೋಗಕ್ಕೆ ಬರುವುದಿಲ್ಲ. ನಾನಾದರೆ ಎಡ್ಜ್‌ನಲ್ಲಿ ಪಾಸ್‌ವರ್ಡ್ ಮತ್ತು ಎಕ್ಸ್‌ಟೆನ್ಷನ್ ಎರಡನ್ನು ಮಾತ್ರ ರಿಜಿಸ್ಟ್ರಿಯಿಂದ ತಡೆದು, ಹೋಮ್‌ಪೇಜ್ ಅನ್ನು ಅವರವರ ಇಷ್ಟಕ್ಕೇ ಬಿಡುತ್ತೇನೆ.