‘ಸಾಧು ವಿಮಾನ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಹಾರಿಸುವವನ ಸಣ್ಣಪುಟ್ಟ ತಪ್ಪುಗಳಿಗೆ ಮುನಿಯದ ವಿಮಾನವನ್ನು ಪೈಲಟ್‌ಗಳು ‘ಫರ್‌ಗಿವಿಂಗ್’ ಎಂದು ಮೆಚ್ಚುತ್ತಾರೆ. ಕನ್ನಡದಲ್ಲಿ ಇದಕ್ಕೆ ಏನು ಹೇಳಬೇಕು? ಮೊದಲು ‘ಕ್ಷಮಾಶೀಲ ವಿಮಾನ’ ಎಂದು ಬರೆದೆ. ಮರುದಿನ ಓದಿದಾಗ ಅದು ಸುಳ್ಳು ಹೇಳುತ್ತಿದೆ ಅನ್ನಿಸಿ ಹೊಡೆದುಹಾಕಿದೆ. ಈಗ ‘ಸಾಧು ವಿಮಾನ’ ಎಂದು ಬರೆದಿದ್ದೇನೆ.

ನಾನಿರುವುದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ, ಜುಹೂ ವಿಮಾನನಿಲ್ದಾಣಕ್ಕೆ ಹತ್ತಿರ. ಹಿಂದಿನ ತಿಂಗಳು ನಮ್ಮ ಮನೆಗೆ ಬಂದಿದ್ದ ಇಬ್ಬರು ಕನ್ನಡಿಗ ಪೈಲಟ್‌ಗಳು ಅಮೆರಿಕದ ಐಕಾನ್ ಎ5 ಎಂಬ ಪುಟ್ಟ ವಿಮಾನದ ಬಗ್ಗೆ ಊಟ ಆರುವವರೆಗೆ ವಾದಿಸಿದರು. ಒಬ್ಬರು ಕುಂದಾಪುರದವರು, ನಿವೃತ್ತರು. ಇನ್ನೊಬ್ಬರು ಧಾರವಾಡದವರು, ಹೊಸಬರಿಗೆ ಹಾರಾಟ ಕಲಿಸುತ್ತಾರೆ. ಆ ವಾದವನ್ನು ಇಲ್ಲಿನ ಕನ್ನಡಿಗರ ಸ್ಮರಣ ಸಂಚಿಕೆಗೆ ಬರೆಯಲು ಹೊರಟಿದ್ದೇನೆ, ಪದಗಳ ಬಳಿ ಬಂದು ನಿಂತಿದ್ದೇನೆ.

ವಿಮಾನ ಹೀಗಿದೆ: ಎರಡೇ ಆಸನ, ದೋಣಿಯಂಥ ಹೊಟ್ಟೆ, ಮಡಚಿಡಬಹುದಾದ ರೆಕ್ಕೆ, ಒಳಗೆ ಸೇರುವ ಚಕ್ರ, ಬೆನ್ನ ಹಿಂದೆ ನೂರು ಅಶ್ವಶಕ್ತಿಯ ರೋಟ್ಯಾಕ್ಸ್ ಎಂಜಿನ್. ನೆಲದಿಂದಲೂ ಏರುತ್ತದೆ, ನೀರಿನಿಂದಲೂ ಏರುತ್ತದೆ.

ಇದು ಸಾಧು ಏಕೆಂಬುದನ್ನು ಹೇಳಲು ‘ಸ್ಟಾಲ್’ ಎಂಬ ಪದ ಬೇಕು. ಇದನ್ನು ನಮ್ಮಲ್ಲಿ ಎಂಜಿನ್ ನಿಂತುಹೋಯಿತು ಎಂದು ಅನುವಾದಿಸುವುದುಂಟು. ಅದು ಕಾರಿನ ಮಾತು, ವಿಮಾನದ್ದಲ್ಲ. ರೆಕ್ಕೆ ಗಾಳಿಗೆ ಒಡ್ಡಿಕೊಂಡ ಕೋನ ಮಿತಿ ಮೀರಿದಾಗ, ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿ, ಎತ್ತುವ ಬಲ ಕುಸಿಯುತ್ತದೆ. ಎಂಜಿನ್ ಆಗಲೂ ಭೋರ್ಗರೆಯುತ್ತಿರಬಹುದು. ನಡೆದು ನಡೆದು ಕಾಲು ಸೋತಿತು ಎನ್ನುತ್ತೇವಲ್ಲ, ಹಾಗೆ ‘ರೆಕ್ಕೆ ಸೋತಿತು’ ಎಂದು ಕುಂದಾಪುರದವರು ಮಾತಿನ ಭರದಲ್ಲಿ ಹೇಳಿಬಿಟ್ಟರು. ನಾನು ಅದನ್ನು ಬಿಡಲಿಲ್ಲ. ‘ರೆಕ್ಕೆಸೋಲು’ ಎಂದು ನಾಮಪದ ಮಾಡಿಕೊಂಡಿದ್ದೇನೆ. ಒಂದು ಬದಿ ಮೊದಲು ಸೋತು ವಿಮಾನ ಸುತ್ತುತ್ತ ಬೀಳುವುದಕ್ಕೆ ‘ಗಿರಕಿ’ ಇದ್ದೇ ಇದೆ. ಅಲ್ಲಿ ಚರ್ಚೆಗೆ ಏನೂ ಇಲ್ಲ.

ಐಕಾನ್‌ನ ರೆಕ್ಕೆ ಬುಡದಲ್ಲಿ ಸೋತರೂ ತುದಿಯಲ್ಲಿ ಗಾಳಿಯನ್ನು ಹಿಡಿದಿರುತ್ತದೆ, ಆದ್ದರಿಂದ ಸುಲಭವಾಗಿ ಗಿರಕಿಗೆ ಸಿಕ್ಕುವುದಿಲ್ಲ. ಈ ಗುಣಕ್ಕಾಗಿಯೇ 2013ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಅದಕ್ಕೆ ತೂಕದ ಮಿತಿಯಲ್ಲಿ ವಿನಾಯಿತಿ ಕೊಟ್ಟಿತು. ‘ಇದಕ್ಕಿಂತ ಸಾಧು ಇನ್ನೇನು ಬೇಕು’ ಎಂದರು ಕುಂದಾಪುರದವರು.

ಧಾರವಾಡದವರ ಉತ್ತರ ಕಠಿಣವಾಗಿತ್ತು. 2017ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಬೆರಿಯೆಸ್ಸಾ ಸರೋವರದ ಬಳಿ ಕಣಿವೆಯೊಳಗೆ ತಗ್ಗಿನಲ್ಲಿ ಹಾರುತ್ತಿದ್ದ ಐಕಾನ್ ಬಿದ್ದು ಇಬ್ಬರು ಸತ್ತರು. ಅವರಲ್ಲಿ ಒಬ್ಬರು ಆ ವಿಮಾನವನ್ನು ರೂಪಿಸಿದ ಪ್ರಮುಖ ಎಂಜಿನಿಯರ್. ಅದೇ ವರ್ಷ ನವೆಂಬರ್‌ನಲ್ಲಿ ಬೇಸ್‌ಬಾಲ್ ಆಟಗಾರ ರಾಯ್ ಹ್ಯಾಲಡೆ ತಾವೇ ಹಾರಿಸುತ್ತಿದ್ದ ಐಕಾನ್ ಮೆಕ್ಸಿಕೊ ಕೊಲ್ಲಿಯಲ್ಲಿ ಬಿದ್ದು ಸತ್ತರು. ನೀರಿಗೆ ತೀರ ಹತ್ತಿರದಲ್ಲಿ ಒರಟಾಗಿ ಹೊರಳಾಡಿದ್ದು, ಅದೂ ಮಾದಕ ವಸ್ತುಗಳ ಪ್ರಭಾವದಲ್ಲಿ ಎಂದಿತು ತನಿಖೆ. ಎರಡರಲ್ಲೂ ಕಾರಣವೆಂದು ಗುರುತಿಸಿದ್ದು ಹಾರಿಸಿದ ರೀತಿಯನ್ನು. ‘ಯಂತ್ರ ತಪ್ಪಿತಸ್ಥ ಅಲ್ಲ, ಒಪ್ಪಿದೆ. ಆದರೆ ಕ್ಷಮಿಸುತ್ತದೆ ಕ್ಷಮಿಸುತ್ತದೆ ಎಂದು ಕಿವಿಯಲ್ಲಿ ಊದಿದರೆ ಹುಡುಗರು ಐವತ್ತು ಅಡಿಗೆ ಇಳಿಯುತ್ತಾರೆ. ಅಲ್ಲಿ ಕ್ಷಮಿಸಲು ಎತ್ತರ ಎಲ್ಲಿದೆ?’ ಎಂದು ಕೇಳಿದರು. ಆ ವರ್ಷ ತಯಾರಕರೇ ತಗ್ಗಿನ ಹಾರಾಟಕ್ಕೆ ಮಾರ್ಗಸೂಚಿ ಬರೆದು 300 ಅಡಿಯ ಗೆರೆ ಹಾಕಬೇಕಾಯಿತು.

‘ಕ್ಷಮೆ’ಯನ್ನು ನಾನು ಬಿಟ್ಟಿದ್ದು ಇದಕ್ಕೆ. ಅದು ತಪ್ಪಾದ ಮೇಲೆ ಬರುವ ಮಾತು. ತಪ್ಪು ಅಳಿಸಿಹೋಯಿತು ಎಂಬ ಭರವಸೆ ಅದರಲ್ಲಿದೆ. ‘ಸಾಧು’ ಸ್ವಭಾವವನ್ನಷ್ಟೇ ಹೇಳುತ್ತದೆ. ಸಾಧು ಹಸುವಿನ ಹಾಲನ್ನು ಹೊಸಬರೂ ಕರೆಯಬಹುದು, ಆದರೆ ಅದರ ಕಾಲಡಿ ಮಗುವನ್ನು ಯಾರೂ ಮಲಗಿಸುವುದಿಲ್ಲ. ಧಾರವಾಡದವರು ‘ತಾಳಿಕೆಯ ವಿಮಾನ’ ಎಂದು ಸೂಚಿಸಿದರು. ತಪ್ಪನ್ನು ತಾಳಿಕೊಳ್ಳುತ್ತದೆ ಎಂಬ ಅರ್ಥ ಚೆನ್ನಾಗಿಯೇ ಇದೆ. ಆದರೆ ಓದುವವರು ಬಾಳಿಕೆ ಬರುವುದು ಎಂದೇ ತಿಳಿಯುತ್ತಾರೆ. ‘ಪಳಗಿದ’ ಎಂದರೆ ಯಾರೋ ಪಳಗಿಸಿರಬೇಕು. ವ್ಯಾಕರಣ ಬಲ್ಲವರಿಗೆ ‘ಸಾಧು’ ಎಂದೊಡನೆ ಶುದ್ಧ ರೂಪ ನೆನಪಾದೀತು, ಉಳಿದವರಿಗೆ ಸಂನ್ಯಾಸಿ. ಈ ತೊಡಕು ದೊಡ್ಡದೇ?

ಇನ್ನು ‘ಆಂಫಿಬಿಯಸ್’. ಶಾಲೆಯ ಪುಸ್ತಕದ ಕಪ್ಪೆ ‘ಉಭಯವಾಸಿ’. ವಿಮಾನ ನೀರಿನಲ್ಲಿ ವಾಸಿಸುವುದಿಲ್ಲ, ಸಂಚರಿಸುತ್ತದೆ. ಆದ್ದರಿಂದ ‘ಉಭಯಚರ’ ಮೇಲು. ‘ಜಲವಿಮಾನ’ ಸಾಲದು. 2017ರ ಡಿಸೆಂಬರ್‌ನಲ್ಲಿ ಗಿರಗಾಂವ್ ಚೌಪಾಟಿಯ ಕಡಲಲ್ಲಿ ಕೊಡಿಯಾಕ್ ವಿಮಾನದ ಪ್ರದರ್ಶನ ನಡೆದಿತ್ತು. ಅದೂ ನೆಲಕ್ಕೂ ನೀರಿಗೂ ಒಗ್ಗಿದ್ದೇ. ಬರಿಯ ತೇಲುಗಾಲಿನ ವಿಮಾನಕ್ಕೆ ಚಕ್ರವೇ ಇಲ್ಲ, ಉಭಯಚರಕ್ಕೆ ಇದೆ. ಅಪಾಯವೂ ಆ ಚಕ್ರದಲ್ಲೇ ಇದೆ: ಅದನ್ನು ಹೊರಗಿಟ್ಟು ನೀರಿಗೆ ಇಳಿದರೆ ನೀರು ಚಕ್ರವನ್ನು ಹಿಡಿದೆಳೆದು ವಿಮಾನ ಮುಗ್ಗರಿಸಿ ಮಗುಚುತ್ತದೆ.

ಇಲ್ಲಿ ನಮ್ಮ ‘ಇಳಿ’ ಧಾತು ಕಾಟ ಕೊಡುತ್ತದೆ. ವಿಮಾನ ಇಳಿಯುತ್ತದೆ, ಚಕ್ರ ಇಳಿಸುತ್ತೇವೆ, ಪ್ರಯಾಣಿಕರು ಇಳಿಯುತ್ತಾರೆ, ದೋಣಿಯನ್ನೂ ನೀರಿಗೆ ಇಳಿಸುತ್ತೇವೆ. ‘ನೀರಿಗೆ ಇಳಿಸುವಾಗ ಇಳಿಸಬೇಡಿ’ ಎಂದು ಬರೆದು ನನಗೇ ಗಾಬರಿಯಾಯಿತು. ಈಗ ‘ನೀರಿಗೆ ಬರುವಾಗ ಚಕ್ರ ಒಳಗೆ, ನೆಲಕ್ಕೆ ಬರುವಾಗ ಚಕ್ರ ಹೊರಗೆ’ ಎಂದು ಬದಲಿಸಿದ್ದೇನೆ. ಎಚ್ಚರಿಕೆಯ ವಾಕ್ಯದಲ್ಲಿ ಎರಡು ಅರ್ಥಕ್ಕೆ ಎಡೆ ಇರಬಾರದು.

ಕೊನೆಯದಾಗಿ ಕರಾವಳಿಯವರಲ್ಲಿ ಒಂದು ಕೋರಿಕೆ. ಗಾಳಿ ಸತ್ತು, ನೀರಿನ ಮೇಲೆ ಒಂದು ಸುಕ್ಕೂ ಇಲ್ಲದಾಗ ಪೈಲಟ್‌ನ ಕಣ್ಣಿಗೆ ಮೇಲ್ಮೈ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಹತ್ತು ಅಡಿಯೋ ಐವತ್ತು ಅಡಿಯೋ ಗೊತ್ತಾಗದು. ಆಗ ಕಣ್ಣನ್ನು ನಂಬದೆ, ವಿಮಾನದ ಮೂಗನ್ನು ಒಂದೇ ಭಂಗಿಯಲ್ಲಿ ಹಿಡಿದು, ನಿಮಿಷಕ್ಕೆ ನೂರೈವತ್ತು ಅಡಿಯಷ್ಟೇ ತಗ್ಗುತ್ತ, ನೀರು ತಾನಾಗಿ ತಗಲುವವರೆಗೆ ಕಾಯಬೇಕು. ಅಂಥ ನೀರನ್ನು ‘ಕನ್ನಡಿ ನೀರು’ ಎಂದು ಬರೆದಿದ್ದೇನೆ. ‘ತಿಳಿನೀರು’ ಬೇರೆ, ‘ನಿಂತ ನೀರು’ ಬೇರೆ. ಅಳಿವೆಯಲ್ಲಿ ಬೆಳಗಿನ ಜಾವ ದೋಣಿ ಹಾಕುವ ನಿಮ್ಮ ಊರಿನವರು ಇದಕ್ಕೆ ಏನೆನ್ನುತ್ತಾರೆ? ಊರಿನ ಹೆಸರಿನೊಂದಿಗೆ ತಿಳಿಸಿದರೆ ಆ ಪದವನ್ನೇ ಹಾಕುತ್ತೇನೆ.