ತಂಗಿ ಊಟದ ಹೊತ್ತಿಗೆ ಮಾಯ!

ಪ್ರಶ್ನೆ: ತಂಗಿಗೆ 19. ಡಯಟ್ ಅಂತ ಶುರುವಾಗಿದ್ದು, ಈಗ ಕರೆದಾಗಲೆಲ್ಲ "ಆಗ್ಲೇ ತಿಂದೆ" ಅಂತಾಳೆ. ಮೂರು ತಿಂಗಳಿಂದ ಮುಟ್ಟಾಗಿಲ್ಲ. ರಾತ್ರಿಯೆಲ್ಲ ನೋಡೋದು ಮಾತ್ರ ಅಡುಗೆ ವಿಡಿಯೊ! ಬೈಯಲಾ, ಸುಮ್ಮನಿರಲಾ?

ಉತ್ತರ 1: ಬೈಬೇಡಿ. ನಾನೂ ಹಾಗೇ ಇದ್ದೆ. ಅಮ್ಮ ಬೈದಷ್ಟೂ ಬಚ್ಚಿಡೋದು ಕಲಿತೆ. ಆ ವಿಡಿಯೊ ಹುಚ್ಚು ಹಸಿವಿನದೇ. 1944–45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ 36 ಆರೋಗ್ಯವಂತ ಗಂಡಸರನ್ನು ಅರೆಹೊಟ್ಟೆಯಲ್ಲಿಟ್ಟು ಪ್ರಯೋಗ ಮಾಡಿದಾಗ, ಅವರಲ್ಲೂ ಕೆಲವರು ಅಡುಗೆ ಪುಸ್ತಕ ಹಿಡಿದು ಕೂತಿದ್ದರು.

ಉತ್ತರ 2: ತೂಕ ಸರಿಯಿದ್ರೂ ಊಟಕ್ಕೆ ಸಂಬಂಧಿಸಿದ ಮಾನಸಿಕ ಕಾಯಿಲೆ (ಈಟಿಂಗ್ ಡಿಸಾರ್ಡರ್) ಇರಬಹುದು. ತಿಂದಿದ್ದನ್ನ ಬೇಕಂತಲೇ ವಾಂತಿ ಮಾಡ್ಕೊತಿದ್ರೆ ರಕ್ತದಲ್ಲಿ ಪೊಟ್ಯಾಸಿಯಂ ಅನ್ನೋ ಲವಣಾಂಶ ಇಳಿದು ಹೃದಯದ ಬಡಿತವೇ ತಪ್ಪಬಹುದು. ಮುಟ್ಟು ನಿಂತಿದೆ ಅಂದ್ಮೇಲೆ ಈ ವಾರವೇ ಡಾಕ್ಟರ್ ಹತ್ರ ಹೋಗಿ.

ಪ್ರಶ್ನೆ ಕೇಳಿದವಳು: ನಿನ್ನೆ ಪಕ್ಕ ಕೂತು "ಸುಸ್ತಾಗ್ತಿದೆಯೇನೇ?" ಅಂದೆ, ಅಷ್ಟೇ. ಅತ್ತುಬಿಟ್ಟಳು. ನಾಳೆ ಡಾಕ್ಟರ್ ಹತ್ರ ಬರ್ತಾಳಂತೆ.